ಮೂಲೆಗೆ ಬಿದ್ದ ಇಸಿಯು, ರೇಸ್ ಕಾರಿಗೆ ಡೇಟಾ ಲಾಗರ್

ಫಾರ್ಮುಲಾ ಭಾರತ್ ಅನ್ನೋ ರೇಸ್ ಕಾರ್ ಸ್ಪರ್ಧೆಗೆ ಕಾರು ಕಟ್ಟುವ ಕಾಲೇಜು ಹುಡುಗರಿಗೆ ಡೇಟಾ ಲಾಗರ್ (ಸೆನ್ಸರ್‌ಗಳ ಅಳತೆ ಬರೆದಿಡುವ ಪೆಟ್ಟಿಗೆ) ಕೊಳ್ಳಲು ದುಡ್ಡಿಲ್ಲ ಅನ್ನೋ ಗೋಳು ಮಾಮೂಲು. ಅದೇ ವರ್ಕ್‌ಶಾಪಿನಲ್ಲಿ ಹಳೇ ಮೆಗಾಸ್ಕ್ವರ್ಟ್ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಒಂದು ಧೂಳು ಹಿಡಿದು ಬಿದ್ದಿರುತ್ತದೆ. ಎಂಜಿನ್ ಓಡಿಸೋದನ್ನು ಕಾರಿನಲ್ಲಿರುವ ಎಂಜಿನ್ ಇಸಿಯುಗೇ ಬಿಟ್ಟು, ಇದನ್ನು ಲಾಗರ್ ಮಾಡಿಕೊಳ್ಳಬಹುದು. ಎಂಎಸ್3 (ಮೆಗಾಸ್ಕ್ವರ್ಟ್ 3) ಆದರೆ ಅದೃಷ್ಟ, ಲಾಗ್ ಬರೆಯುವ ಎಸ್‌ಡಿ ಕಾರ್ಡಿಗೆ ಬೋರ್ಡಿನಲ್ಲೇ ಜಾಗ ಇದೆ. ಎಂಎಸ್2 ಆದರೆ ಲ್ಯಾಪ್‌ಟಾಪನ್ನೂ ಕಾರಿಗೆ ಕಟ್ಟಬೇಕು. ಟೆಸ್ಟಿಂಗಿಗೆ ಸರಿ, ರೇಸಿಗೆ ಬೇಡ.

1. ಮೆಗಾಸ್ಕ್ವರ್ಟಿನ ಇಂಜೆಕ್ಟರ್, ಕಾಯಿಲ್, ಪಂಪ್ ರಿಲೇ ವೈರ್‌ಗಳನ್ನು ಬಿಚ್ಚಿ ತುದಿಗೆ ಟೇಪ್ ಸುತ್ತಿ. ಫ್ಯೂಸ್ ಮೂಲಕ 12 ವೋಲ್ಟ್ ಕೊಡಿ. ಗ್ರೌಂಡ್ ಮಾತ್ರ ಎಂಜಿನ್ ಇಸಿಯು ಗ್ರೌಂಡ್ ಆಗಿರುವ ಬೋಲ್ಟಿಗೇ ಹೋಗಲಿ. ಎರಡು ಗ್ರೌಂಡಿನ ನಡುವೆ 50 ಮಿಲಿವೋಲ್ಟ್ ವ್ಯತ್ಯಾಸ ಬಂದರೂ 5 ವೋಲ್ಟನ್ನು 1023 ಭಾಗ ಮಾಡಿ ಓದುವ ಅಳತೆಯಲ್ಲಿ 10 ಅಂಕಿ ಆಚೀಚೆ ಆಗುತ್ತದೆ.

2. ಆರ್‌ಪಿಎಂ ಬೇಕಾದರೆ ಎಂಜಿನ್ ಇಸಿಯುನ ಟ್ಯಾಕೋ (ಆರ್‌ಪಿಎಂ ಮೀಟರಿಗೆ ಹೋಗುವ) ಔಟ್‌ಪುಟ್ ತಗೊಳ್ಳಿ. ಕ್ರ್ಯಾಂಕ್ ಸೆನ್ಸರ್ ವೈರಿಗೆ ಕೈ ಹಾಕಬೇಡಿ. ಆ ಸಿಗ್ನಲ್ ಕೆಟ್ಟರೆ ಎಂಜಿನ್ನೇ ಮಿಸ್ ಹೊಡೆಯುತ್ತದೆ.

3. ಥ್ರಾಟಲ್ ಸೆನ್ಸರಿನ ಸಿಗ್ನಲ್ ವೈರಿನಿಂದ ಒಂದು ಕವಲು ತೆಗೆದರೆ ಸಾಕು. ಎರಡು ಇಸಿಯುಗಳ 5 ವೋಲ್ಟ್ ಲೈನ್‌ಗಳನ್ನು ಮಾತ್ರ ಸೇರಿಸಬೇಡಿ. ಬ್ರೇಕ್ ಪ್ರೆಷರ್, ಸಸ್ಪೆನ್ಷನ್ ಪಾಟ್ (ಸಸ್ಪೆನ್ಷನ್ ಎಷ್ಟು ಕುಗ್ಗಿತು ಅಂತ ಅಳೆಯುವುದು) ತರಹ ಹೊಸದಾಗಿ ಹಾಕುವ ಸೆನ್ಸರ್‌ಗಳಿಗೆ ಲಾಗರಿನದೇ 5 ವೋಲ್ಟ್, ಲಾಗರಿನದೇ ಸೆನ್ಸರ್ ಗ್ರೌಂಡ್ ಕೊಡಿ.

4. ಎಲ್ಲರೂ ಎಡವೋದು ಕೂಲಂಟ್ ಟೆಂಪರೇಚರಿನಲ್ಲಿ. ಥ್ರಾಟಲ್ ಸೆನ್ಸರಿಗೆ ಮಾಡಿದ ಹಾಗೇ ಇದಕ್ಕೂ ಕವಲು ತೆಗೆಯುತ್ತಾರೆ. ಆದರೆ ಈ ಸೆನ್ಸರ್ ತಾನಾಗಿ ವೋಲ್ಟೇಜ್ ಕೊಡುವುದಿಲ್ಲ, ಅದು ಬರೀ ಒಂದು ರೆಸಿಸ್ಟರ್. ಇಸಿಯು ಒಳಗಿರುವ ಇನ್ನೊಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಬಂದಾಗಲೇ ಅಳತೆ ಸಿಗೋದು. ಮೆಗಾಸ್ಕ್ವರ್ಟಿನಲ್ಲಿ ಅದು 2,490 ಓಮ್. ಎಂಜಿನ್ ಇಸಿಯು ಒಳಗೂ ಅಷ್ಟೇ ಇದೆ ಅಂದುಕೊಳ್ಳಿ. ಜಿಎಂ ಮಾದರಿಯ ಸೆನ್ಸರ್ 80 ಡಿಗ್ರಿಯಲ್ಲಿ ಸುಮಾರು 330 ಓಮ್ ಇರುತ್ತದೆ, ಒಂದೇ ಇಸಿಯು ಇದ್ದರೆ 0.59 ವೋಲ್ಟ್ ಬರುತ್ತದೆ. ಎರಡೂ ಇಸಿಯುಗಳನ್ನು ಒಂದೇ ಸೆನ್ಸರಿಗೆ ಸೇರಿಸಿದರೆ 1.05 ವೋಲ್ಟ್! ಅಂದರೆ ನೀರು 80ರಲ್ಲಿದ್ದರೂ ಎರಡೂ ಇಸಿಯು 60 ಅಂತ ಓದುತ್ತವೆ. ಲಾಗ್ ತಪ್ಪಾಗೋದು ಹಾಗಿರಲಿ, ಎಂಜಿನ್ ಓಡಿಸುವ ಇಸಿಯು ಇನ್ನೂ ಬಿಸಿಯಾಗಿಲ್ಲ ಅಂದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಫ್ಯಾನ್ ತಡವಾಗಿ ಹಾಕುತ್ತದೆ.

ಲಾಗರಿನ ಬೋರ್ಡಿನಿಂದ ಆ ರೆಸಿಸ್ಟರ್ ಕಿತ್ತರೂ ಆಗುತ್ತದೆ. ಆಗ ಕ್ಯಾಲಿಬ್ರೇಷನ್ನಿಗೆ ಎಂಜಿನ್ ಇಸಿಯು ರೆಸಿಸ್ಟರಿನ ಬೆಲೆ ಗೊತ್ತಿರಬೇಕು. ನಾನು ಹೇಳೋದು, ಲಾಗರಿಗೇ ಅಂತ ಇನ್ನೊಂದು ಸೆನ್ಸರ್ ಹಾಕಿಬಿಡಿ. ಕುದಿಯೋ ನೀರಿನಲ್ಲಿ ಅದ್ದಿ ಪರೀಕ್ಷೆ ಮಾಡುವಾಗ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ ಅನ್ನೋದು ನೆನಪಿರಲಿ.

ಅಂದಹಾಗೆ, ವೈರ್ ಕತ್ತರಿಸದೆ ಕಚ್ಚಿಕೊಳ್ಳುವ ಕ್ಲಿಪ್‌ಗಳನ್ನು ಅಂಗಡಿಯವನು ಸುಮ್ನೆ ಕೊಟ್ಟರೂ ತಗೋಬೇಡಿ. ಕಾರಿನ ಅದುರಾಟಕ್ಕೆ ವೈರಿನ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಡೇಟಾಶೀಟ್ ಇಲ್ಲದ ಅಗ್ಗದ ಪ್ರೆಷರ್ ಸೆನ್ಸರ್ ಕೂಡ ಬೇಡ. ಅದು ಕೊಡುವ 2 ವೋಲ್ಟ್ ಎಷ್ಟು ಬಾರ್ ಅಂತ ಯಾರನ್ನು ಕೇಳ್ತೀರಿ?

5. ಟ್ಯೂನರ್‌ಸ್ಟುಡಿಯೋ ಅನ್ನೋ ಮೆಗಾಸ್ಕ್ವರ್ಟ್ ಸಾಫ್ಟ್‌ವೇರಿನಲ್ಲಿ ಚಾನೆಲ್‌ಗಳಿಗೆ ಹೆಸರು, ಅಳತೆ ಕೊಡಿ. ಲಾಗ್ ನೋಡೋಕೆ ಮೆಗಾಲಾಗ್‌ವ್ಯೂವರ್ ಇದೆ.

6. ಎಂಜಿನ್ ಶುರು ಮಾಡುವ ಮೊದಲು ಬರೀ ಕೀ ಆನ್ ಮಾಡಿ ಒಂದು ನಿಮಿಷ ಲಾಗ್ ತೆಗೆಯಿರಿ. ಥ್ರಾಟಲ್ ಪೂರ್ತಿ ಒತ್ತಿ ಬಿಡಿ, ಎರಡೂ ಇಸಿಯುಗಳಲ್ಲಿ ಒಂದೇ ಶೇಕಡಾ ಬರಬೇಕು. ಬೋರ್ಡಿನ ಮೇಲಿರುವ ಮ್ಯಾಪ್ (ಗಾಳಿಯ ಒತ್ತಡ ಅಳೆಯುವ) ಸೆನ್ಸರ್ ಬೆಂಗಳೂರಿನಲ್ಲಿ ಸುಮಾರು 91 ಕಿಲೋಪಾಸ್ಕಲ್ ತೋರಿಸಬೇಕು. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಇಳಿದ ಮೇಲೆ ಅದೇ 96ರ ಹತ್ತಿರ ಬರುತ್ತದೆ, ಗಾಬರಿಯಾಗಿ ಕ್ಯಾಲಿಬ್ರೇಷನ್ ಬದಲಾಯಿಸಬೇಡಿ.