ಮುಂದಿನ ಚಕ್ರದ ಕ್ಯಾಂಬರಿಗೆ ತಕ್ಕ ಸಸ್ಪೆನ್ಷನ್ ಆರ್ಮ್ ಆರಿಸುವುದು

ಮುಂದಿನ ಟೈರುಗಳ ಒಳ ಅಂಚು ಮಾತ್ರ ಸವೆಯುತ್ತಿದ್ದರೆ, ಹೊಸ ಆರ್ಮ್ (ಚಕ್ರವನ್ನು ವಾಹನದ ಚೌಕಟ್ಟಿಗೆ ಜೋಡಿಸುವ ತೋಳು) ಕೊಳ್ಳುವ ಮೊದಲು ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಅಲೈನ್‌ಮೆಂಟ್ ಪರೀಕ್ಷೆ ಮಾಡಿಸಿ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಮತ್ತು ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಅಳತೆಗಳನ್ನು ಬರೆದಿಟ್ಟುಕೊಳ್ಳಬೇಕು. ಸವೆದ ಬುಷ್ (ಆರ್ಮಿನ ಕೀಲಿನೊಳಗೆ ಕೂರುವ ಬಳೆ), ಸಡಿಲವಾದ ಬಾಲ್ ಜಾಯಿಂಟ್ (ಆರ್ಮನ್ನು ಚಕ್ರದ ಕಡೆಗೆ ಸೇರಿಸುವ ಗುಂಡು ಕೀಲು) ಅಥವಾ ತಗ್ಗಿಗೆ ಬಡಿದು ಬಾಗಿದ ಆರ್ಮ್ ಕಂಡುಬಂದರೆ ಅದನ್ನು ಬದಲಿಸುವುದೇ ಸಾಕಾದೀತು.

ಸ್ಕಾರ್ಪಿಯೋದಂತಹ ಡಬಲ್ ವಿಶ್‌ಬೋನ್ (ಪ್ರತಿ ಮುಂದಿನ ಚಕ್ರಕ್ಕೆ ಮೇಲೊಂದು, ಕೆಳಗೊಂದು ಆರ್ಮ್ ಇರುವ) ವಾಹನಕ್ಕೆ ಉದ್ದ ಹೊಂದಿಸಬಹುದಾದ ಮೇಲಿನ ಆರ್ಮ್ ಸೂಕ್ತ: ಅದನ್ನು ಗಿಡ್ಡಗೊಳಿಸಿದಷ್ಟೂ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿ ಕ್ಯಾಂಬರ್ ಋಣಾತ್ಮಕವಾಗುತ್ತದೆ, ಉದ್ದಗೊಳಿಸಿದರೆ ಹೊರಕ್ಕೆ ಬರುತ್ತದೆ. ಸ್ವಿಫ್ಟ್‌ನಂತಹ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿ ಚಕ್ರವನ್ನು ಹಿಡಿಯುವ) ಕಾರುಗಳಲ್ಲಿ ಮೇಲಿನ ಆರ್ಮೇ ಇರುವುದಿಲ್ಲವಾದ್ದರಿಂದ, ಸ್ಟ್ರಟ್‌ನ ಬುಡಕ್ಕೆ ಹಾಕುವ ಕ್ಯಾಂಬರ್ ಬೋಲ್ಟ್ ಅಗ್ಗವೂ, ನನ್ನ ಮಟ್ಟಿಗೆ ಜಾಣತನವೂ ಆದ ಆಯ್ಕೆ.

ಎರೆಮಣ್ಣಿನ ರಾಡಿಯೂ ಧೂಳೂ ನುಗ್ಗುವ ತೆರೆದ ಲೋಹದ ಬೇರಿಂಗಿಗಿಂತ ನಮ್ಮ ಭಾಗಕ್ಕೆ ರಬ್ಬರ್ ಬುಷ್ ಮೇಲು. ಆ ಬುಷ್‌ನ ಬೋಲ್ಟುಗಳನ್ನು ವಾಹನದ ಭಾರ ಚಕ್ರಗಳ ಮೇಲಿರುವಾಗಲೇ ಬಿಗಿಸಿ, ಬಳಿಕ ಟೋ ಹೊಂದಿಸಬೇಕು.