ಮೊದಲು ಮಾರುಕಟ್ಟೆ, ಆಮೇಲೆ ತಿಂಡಿ: ನನ್ನ ಅನುಭವ

ಮೂರು ವರ್ಷದ ಹಿಂದೆ ಒಂದು ಮಂಗಳವಾರ, ಬೆಳಗಿನ ಜಾವ 4.30ಕ್ಕೆ ಬ್ಯಾಡಗಿ ಹತ್ತಿರದ ಮೋಟೆಬೆನ್ನೂರಿನಲ್ಲಿ ಬಸ್ಸಿಳಿದೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ನೋಡಬೇಕು, ಅಲ್ಲಿ ದುಡಿಯೋರು ತಿನ್ನುವ ತಿಂಡಿಯನ್ನೇ ತಿನ್ನಬೇಕು ಅಂತ ಆಸೆ. ಆಟೋ ಸಿಕ್ಕಿ ಊರು ಸೇರುವಾಗ ಆರು ಗಂಟೆ. ಮಾರುಕಟ್ಟೆ ಅಂಗಳ ಖಾಲಿ. ಒಬ್ಬ ಅಜ್ಜಿ ಕಸ ಗುಡಿಸುತ್ತಿದ್ದರು. "ಸೋಮಾರ, ಗುರುವಾರ ಬರ್ಬೇಕ್ರಿ. ಇವತ್ತ ಏನೈತಿ ಇಲ್ಲಿ?" ಅಂದರು.

ಹೋಗಿಬರೋ ಬಸ್ಸು, ಆಟೋ ಎಲ್ಲಾ ಸೇರಿ ಸುಮಾರು 1,700 ರೂಪಾಯಿ ಹೋಯಿತು. ಅವತ್ತಿನಿಂದ ನಾನು ಮಾರುಕಟ್ಟೆಯ ದಿನ ಗೊತ್ತು ಮಾಡಿಕೊಳ್ಳದೆ ರಜೆ ಹಾಕೋದಿಲ್ಲ.

ಮನೆಗೆ ಬಂದಾಗ ಭಾವ ಕೇಳಿದರು: "ಫೋನಲ್ಲಿ ಸ್ಟಾರ್ ನೋಡಿ ಒಳ್ಳೇ ಹೋಟೆಲಿಗೆ ಹೋಗೋದು ಬಿಟ್ಟು ಮಂಡಿ ಯಾಕೆ ಸುತ್ತುತ್ತೀಯ?" ಆಫೀಸಿನವರದ್ದೂ ಇದೇ ಮಾತು. ಹೊಟ್ಟೆ ಕೆಡುತ್ತೆ, ದುಡ್ಡು ದಂಡ, ಎಲ್ಲಾ ಊರಲ್ಲೂ ಅದೇ ಇಡ್ಲಿ. ನಾನು ಒಪ್ಪಲಿಲ್ಲ. ಎಲ್ಲಾ ಊರಲ್ಲೂ ಅದೇ ಇಡ್ಲಿ ಸಿಗೋದು ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ. ಊರಿನ ಸ್ವಂತ ತಿಂಡಿ ಇರೋದು ಬೆಳಗ್ಗೆ ನಾಲ್ಕಕ್ಕೆ ಎದ್ದು ಕೆಲಸ ಮಾಡಿದವರು ಏಳು ಗಂಟೆಗೆ ಹಸಿದು ಹೋಗುವ ಜಾಗದಲ್ಲಿ.

ಆದರೆ ಆ ಜಾಗ ಹುಡುಕೋದು ನನಗೆ ಬರುತ್ತಿರಲಿಲ್ಲ. ಹಾಗಾಗಿ ಖರ್ಚಿಲ್ಲದೆ ಕಲಿಯೋಣ ಅಂತ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೆ ಹೋಗತೊಡಗಿದೆ. ಸತತ ಆರೋ ಏಳೋ ಭಾನುವಾರ. ಬೆಳಗ್ಗೆ ಐದಕ್ಕೆ ಅಲ್ಲಿದ್ದರೆ ಹೂವಿನ ವ್ಯಾಪಾರ ಜೋರಾಗಿರುತ್ತೆ. ಸೇವಂತಿಗೆ, ಚೆಂಡುಹೂವಿನ ಚೀಲ ತಲೆ ಮೇಲೆ ಹೊತ್ತು ಬರುವವರಿಗೆ ದಾರಿ ಬಿಡದಿದ್ದರೆ ಬೈಸಿಕೊಳ್ಳಬೇಕು. ಮೊದಲ ಮೂರು ವಾರ ನಾನು ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದೆ: "ಇಲ್ಲಿ ಒಳ್ಳೇ ತಿಂಡಿ ಎಲ್ಲಿ ಸಿಗುತ್ತೆ?" ಅವರು ನನ್ನ ಬಟ್ಟೆ ನೋಡಿ, ಶೂ ನೋಡಿ, ನನಗೆ ಸರಿಹೋಗುವಂಥ ಹೋಟೆಲ್ ತೋರಿಸುತ್ತಿದ್ದರು. ಟೈಲ್ಸ್ ಹಾಕಿದ, ಫ್ಯಾನ್ ಇರುವ ಹೋಟೆಲ್. ತಪ್ಪು ಅವರದಲ್ಲ. "ಒಳ್ಳೇದು" ಅಂದರೆ ನನಗೆ ಒಳ್ಳೇದು ಅಂತ ಅವರು ತಿಳಿದುಕೊಳ್ಳುತ್ತಿದ್ದರು.

ನಾಲ್ಕನೇ ವಾರ ಪ್ರಶ್ನೆ ಬದಲಾಯಿಸಿದೆ. ಒಂದು ಮೊಳ ಕನಕಾಂಬರ ಕೊಂಡು, ದುಡ್ಡು ಕೊಡುತ್ತಾ ಕೇಳಿದೆ: "ಅಕ್ಕಾ, ನೀವು ಇವತ್ತು ಎಲ್ಲಿ ತಿಂದ್ರಿ?" ಅವರು ಬೆರಳು ತೋರಿಸಿದ್ದು ನಾನು ನಾಲ್ಕು ವಾರದಿಂದ ದಾಟಿ ಹೋಗುತ್ತಿದ್ದ ಒಂದು ತಳ್ಳುಗಾಡಿಯ ಕಡೆಗೆ! ಚಿತ್ರಾನ್ನ ಅಲ್ಲಿ. ಹುರಿದ ಕಡಲೇಬೀಜ ಕೈತುಂಬ ಹಾಕಿ, ನಿಂಬೆಹಣ್ಣನ್ನು ಪ್ಲೇಟಿಗೇ ಹಿಂಡಿ ಕೊಟ್ಟರು. ಮೂವತ್ತೋ ನಲವತ್ತೋ ರೂಪಾಯಿ ಇರಬೇಕು. "ಎಲ್ಲಿ ಸಿಗುತ್ತೆ" ಅಲ್ಲ, "ನೀವು ಎಲ್ಲಿ ತಿಂದ್ರಿ". ನನ್ನ ಇಡೀ ವಿಧಾನ ನಿಂತಿರೋದು ಈ ಒಂದು ಪ್ರಶ್ನೆ ಮೇಲೆ. ಏನಾದರೂ ಕೊಂಡು ಕೇಳಬೇಕು, ಹತ್ತು ರೂಪಾಯಿಯ ಕೊತ್ತಂಬರಿ ಸೊಪ್ಪಾದರೂ ಸರಿ. ಸುಮ್ನೆ ನಿಂತು ಕೇಳಿದರೆ ಉತ್ತರವೂ ಸುಮ್ನೆ ಬರುತ್ತೆ.

ಮುಂದಿನ ಫೆಬ್ರವರಿ ಮತ್ತೆ ಬ್ಯಾಡಗಿಗೆ ಹೋದೆ. ಈ ಸಲ ಗುರುವಾರ. ಕಣ್ಣು ಹಾಯುವಷ್ಟು ದೂರ ಮೆಣಸಿನಕಾಯಿ ಚೀಲ. ರೈತರು ಚೀಲದ ಮೇಲೇ ಮಲಗಿ ರಾತ್ರಿ ಕಳೆದಿದ್ದರು. ಹತ್ತು ನಿಮಿಷದಲ್ಲಿ ಕೆಮ್ಮು ಶುರುವಾಯಿತು. ಹೋಗುವವರು ಕರವಸ್ತ್ರ ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಳ್ಳಿ, ಒಣ ಬಟ್ಟೆ ಏನೂ ತಡೆಯೋಲ್ಲ. ಒಬ್ಬ ವ್ಯಾಪಾರಿ ಚೀಲದೊಳಗೆ ಮೊಣಕೈ ತನಕ ಕೈ ಹಾಕಿ ತಳದಿಂದ ಒಂದು ಕಾಯಿ ತೆಗೆದರು. ಮುರಿದರು, ಮೂಸಿದರು, ಸಿಪ್ಪೆಯನ್ನು ಅಂಗೈಗೆ ತಿಕ್ಕಿ ಬಣ್ಣ ನೋಡಿದರು. ಇಲ್ಲಿ ಖಾರಕ್ಕಿಂತ ಬಣ್ಣಕ್ಕೇ ಬೆಲೆ, ನಿಮಗೂ ಗೊತ್ತಿರೋದೇ. ಹಾಗೆ ಒಂದು ಗಂಟೆ ನೋಡುತ್ತಾ ನಿಂತೆ.

ಆಮೇಲೆ ಒಬ್ಬ ಹಮಾಲರ ಜೊತೆ ಚಹಾ ಕುಡಿದು ಅದೇ ಪ್ರಶ್ನೆ ಕೇಳಿದೆ. "ನಾವಾ? ಅಲ್ಲೇ ಬೇವಿನ ಗಿಡದ ಕೆಳಗ ರೀ. ನಿಮಗ ಅಲ್ಲಿ ಕೂಡ್ರಾಕ ಆಗಂಗಿಲ್ಲ" ಅಂದರು. ನೇರ ಅಲ್ಲಿಗೇ ಹೋದೆ. ಎರಡು ಪಡ್ಡಿನ ಹಂಚು, ಒಂದು ಒಲೆ, ದಂಪತಿ ಇಬ್ಬರೇ. ಆ ಅಕ್ಕ ಒಂದು ಕಂಬಿಯಿಂದ ಪ್ರತಿ ಗುಳಿಯ ಅಂಚು ಬಿಡಿಸಿ, ಪಡ್ಡನ್ನು ಮುಕ್ಕಾಲು ತಿರುವುತ್ತಿದ್ದರು, ಪೂರ್ತಿ ಅಲ್ಲ. ಬೇಯದ ಹಿಟ್ಟು ಪಕ್ಕಕ್ಕೆ ಇಳಿದು ಎರಡನೇ ಪದರ ಕಟ್ಟುತ್ತೆ. ಹೊರಗೆ ಗರಿಗರಿ, ಒಳಗೆ ಬಿಸಿ ಹಬೆ. ಕೆಂಪು ಚಟ್ನಿಗೆ ಹಾಕಿದ್ದು ಅಲ್ಲಿಯದೇ ಮೆಣಸಿನಕಾಯಿ. ಪ್ಲೇಟಿಗೆ 30 ರೂಪಾಯಿ. ಎರಡು ಪ್ಲೇಟ್ ತಿಂದೆ. ಅಂಥ ಪಡ್ಡು ಅದಕ್ಕೆ ಮೊದಲೂ ತಿಂದಿರಲಿಲ್ಲ, ಆಮೇಲೂ ತಿಂದಿಲ್ಲ.

ಬರುವಾಗ ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆ, ಡಬ್ಬಿ ಒಂದು ಕೆಜಿ, ಕಡ್ಡಿ ಒಂದು ಕೆಜಿ ತಂದೆ. ಕೆಜಿಗೆ 400ರ ಆಸುಪಾಸು ಕೊಟ್ಟ ನೆನಪು. ಬೇರೆ ಬೇರೆ ಪುಡಿ ಮಾಡಿಸಿ, ಒಂದೇ ಅಳತೆಯಲ್ಲಿ ಎರಡು ಸಾರು ಮಾಡಿ ಮನೆಯವರಿಗೆ ಕೊಟ್ಟೆ. ಡಬ್ಬಿ ಹಾಕಿದ್ದಕ್ಕೆ ಬಣ್ಣ, ಘಮ ಎರಡೂ ಜಾಸ್ತಿ ಅಂತ ನಾಲ್ಕರಲ್ಲಿ ಮೂರು ಜನ ಹೇಳಿದರು. ಈಗ ಎರಡನ್ನೂ ಬೆರೆಸಿ ಪುಡಿ ಮಾಡಿಸುತ್ತೇನೆ. ಬೆರೆಸುವ ಅಳತೆ ಮಾತ್ರ ಹೇಳೋಲ್ಲ, ಅದಕ್ಕೆ ಒಂದು ವರ್ಷ ತಗೊಂಡಿದೆ.

ಎಲ್ಲಾ ಸಲವೂ ಗೆದ್ದೆ ಅಂತಲ್ಲ. ಒಂದು ಊರಲ್ಲಿ, ಏಪ್ರಿಲ್ ತಿಂಗಳು, ಲಾಡ್ಜಿನಲ್ಲಿ ತಡವಾಗಿ ಎದ್ದು ಹನ್ನೊಂದು ಗಂಟೆಗೆ ತಿಂಡಿಗೆ ಹೋದೆ. ಕಾಯಿ ಚಟ್ನಿ ಬೆಳಗ್ಗೆ ಆರಕ್ಕೆ ರುಬ್ಬಿದ್ದು. ಮೂಸಿದಾಗಲೇ ಸ್ವಲ್ಪ ಹುಳಿ ಅನ್ನಿಸಿತು, ಆದರೂ ತಿಂದೆ. ಸಂಜೆಯಿಂದ ವಾಂತಿ. ಡಾಕ್ಟರ್, ಔಷಧಿ, ಇನ್ನೊಂದು ರಾತ್ರಿಯ ಲಾಡ್ಜ್, ಹೋದ ಟಿಕೆಟ್, ಎಲ್ಲಾ ಸೇರಿ 2,500 ಮೇಲೇ. ಈಗ ಬೇಸಿಗೆಯಲ್ಲಿ ಒಂಬತ್ತು ದಾಟಿದರೆ ಕಾಯಿ ಚಟ್ನಿ ಮುಟ್ಟೋಲ್ಲ, ಚಟ್ನಿಪುಡಿ ಕೇಳುತ್ತೇನೆ. ಕುಡಿಯೋಕೆ ನನ್ನದೇ ಬಾಟಲಿ. ಆಮೇಲೆ ಒಂದು ಸಲವೂ ಹೊಟ್ಟೆ ಕೆಟ್ಟಿಲ್ಲ.

ಇನ್ನೊಂದು ತಪ್ಪು ಆಸೆಬುರುಕತನ. ದಾವಣಗೆರೆಯಲ್ಲಿ ಮೊದಲ ಸಲ ಏಳು ಗಂಟೆಗೇ ಎರಡು ಬೆಣ್ಣೆ ದೋಸೆ ತಿಂದು ಕೂತೆ. ಆಲೂಗಡ್ಡೆ ಪಲ್ಯ, ಬಿಳಿ ಚಟ್ನಿ, ಮೇಲೆ ಕರಗುತ್ತಿರುವ ಬೆಣ್ಣೆ, ಬೇಡ ಅನ್ನೋದು ಹೇಗೆ ಅಲ್ವಾ? ಆಮೇಲೆ ತರಕಾರಿ ಮಾರುಕಟ್ಟೆಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ನೋಡಿದರೆ ಹೊಟ್ಟೆಯಲ್ಲಿ ಜಾಗವೇ ಇಲ್ಲ. ಅವತ್ತಿನಿಂದ ಜೊತೆಗೊಬ್ಬರು ಇಲ್ಲದೆ ಹೊರಡೋದಿಲ್ಲ. ಒಂದು ಪ್ಲೇಟ್ ಇಬ್ಬರಿಗೆ, ಕಾಫಿ ಬೈಟು, ಅರ್ಧ ಗಂಟೆ ನಡಿಗೆ, ಮತ್ತೆ ಮುಂದಿನ ಜಾಗ. ಹೀಗೆ ಒಂದು ಬೆಳಗ್ಗೆ ನಾಲ್ಕು ಕಡೆ ತಿನ್ನಬಹುದು. ಇಬ್ಬರಿಗೂ ಸೇರಿ 250 ದಾಟೋದಿಲ್ಲ. ಹತ್ತು, ಇಪ್ಪತ್ತರ ನೋಟು ಮೊದಲೇ ಜೋಡಿಸಿಟ್ಟುಕೊಳ್ಳಿ. ಬೆಳಗಿನ ಜಾವ 500ರ ನೋಟು ಕೊಟ್ಟರೆ ಮುಖ ತಿರುಗಿಸುತ್ತಾರೆ.

ಬಿಡದಿ, ರಾಮನಗರ ಒಂದೇ ಬೆಳಗ್ಗೆ ಆಗುತ್ತೆ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ. ಗೂಡನ್ನು ಕಿವಿ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ಸ್ಥಿತಿ ಹೇಳುವವರನ್ನು ನೋಡಬೇಕು. ತಟ್ಟೆ ಇಡ್ಲಿ ಮನೆಗೆ ಒಯ್ಯುವ ಪ್ರಯೋಗವನ್ನೂ ಮಾಡಿದೆ. ಸ್ಟೀಲ್ ಡಬ್ಬಿಯಲ್ಲಿ ಬೆವರಿ ಒದ್ದೆಯಾಯಿತು, ಬಾಳೆ ಎಲೆಯಲ್ಲಿ ಸುತ್ತಿದ್ದು ಪರವಾಗಿಲ್ಲ. ಒದ್ದೆ ಬಟ್ಟೆ, ಅದರ ಮೇಲೆ ಎಲೆ, ಇದು ಸರಿಹೋಯಿತು. ಮೈಸೂರಿಗೆ ಹೋದರೆ 1886ರ ಚಿಕ್ಕ ಗಡಿಯಾರದ ಹತ್ತಿರ ನಿಂತು, ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಮಾರುವವರನ್ನು ಮಾತಾಡಿಸಿ. ದೋಸೆ ವಿಚಾರದಲ್ಲಿ ಅವರಷ್ಟು ಖಡಾಖಂಡಿತವಾಗಿ ಯಾರೂ ಹೇಳೋಲ್ಲ.

ಕುಮಟಾ ಕಡೆಗೆ ಏಪ್ರಿಲ್ ಹೊತ್ತಿಗೆ ಹೋದೆ. ಹೆದ್ದಾರಿ ಪಕ್ಕ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ. ಎರಡು ಗೊಂಚಲು ಕೊಂಡು, ಮಾರುತ್ತಿದ್ದ ಅಮ್ಮನನ್ನು ಕೇಳಿದ್ದಕ್ಕೆ ಅವರ ಕೈಬೆರಳು ಒಂದು ಸಣ್ಣ ಮನೆ ಕಡೆ ಹೋಯಿತು. ಬನ್ಸ್ ಭಾಜಿ. ಬನ್ಸ್ ಮುರಿದರೆ ಬಾಳೆಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ಆ ಮನೆ ಎಲ್ಲಿದೆ ಅಂತ ಬರೆಯೋಲ್ಲ. ಅವರು ದಿನಕ್ಕೆ ಕರಿಯೋದೇ ಐವತ್ತು ಅರವತ್ತು. ನಾವೆಲ್ಲಾ ಹೋಗಿ ತಿಂದರೆ ಅಲ್ಲಿಯ ಮೀನುಗಾರರಿಗೆ ಉಳಿಯೋದಿಲ್ಲ.

ಇಲ್ಲಿತನಕ ಇಪ್ಪತ್ತಕ್ಕೂ ಹೆಚ್ಚು ಊರಾಗಿದೆ. ಐದರಲ್ಲಿ ನಾಲ್ಕು ಸಲ ತಿಂಡಿ ಚೆನ್ನಾಗಿರುತ್ತೆ. ಸ್ಟಾರ್ ನೋಡಿ ಹೋಗುತ್ತಿದ್ದಾಗ ಅರ್ಧವೂ ಇರಲಿಲ್ಲ. ಒಂದು ಊರಿಗೆ ಹೋಗಿಬರೋ ಖರ್ಚು ಈಗ 1,200ರೊಳಗೆ ಮುಗಿಯುತ್ತೆ, ಯಾಕಂದ್ರೆ ರಾತ್ರಿ ರೈಲು ಹತ್ತಿದರೆ ಲಾಡ್ಜ್ ಬೇಕಾಗೋದಿಲ್ಲ.

ಮುಂದಿನದು ಮಡಿಕೇರಿಯ ಶುಕ್ರವಾರದ ಸಂತೆ, ಮಳೆಗಾಲದಲ್ಲಿ, ಕಣಿಲೆ (ಎಳೆ ಬಿದಿರು) ಬರುವ ಹೊತ್ತಿಗೆ. ಭಾವ ಹೋದ ವಾರ ಫೋನ್ ಮಾಡಿ, "ಟಿಕೆಟ್ ಎರಡು ತಗೋ, ನಾನೂ ಬರ್ತೀನಿ. ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸು" ಅಂದಿದ್ದಾರೆ.