ಜೈಲಿನ ಮೇಲೆ ಸ್ಟುಡಿಯೋ ಪ್ರಾಜೆಕ್ಟ್ ಮಾಡೋರು ಗೇಟಿನ ಹೊರಗಿಂದ ಶುರು ಮಾಡಿ

ಸ್ಪೇಷಿಯಲ್ ಜಸ್ಟೀಸ್ ಅಂದ ತಕ್ಷಣ ಗಾಬರಿ ಬೀಳ್ಬೇಡಿ, ಯಾವ ಜಾಗ ಯಾರಿಗೆ ಸಿಗುತ್ತೆ, ಯಾರನ್ನ ಎಲ್ಲಿಗೆ ತಳ್ತಾರೆ, ಅದನ್ನ ತೀರ್ಮಾನ ಮಾಡೋರು ಯಾರು, ಇಷ್ಟೇ ವಿಷ್ಯ. ಜೈಲು ಅಂತ ಬ್ರೀಫ್, ಅಂದ್ರೆ ಏನ್ ಡಿಸೈನ್ ಮಾಡ್ಬೇಕು ಅನ್ನೋ ವಿವರ, ಸಿಕ್ಕಿದ್ರೆ ಆರ್ಕಿಟೆಕ್ಚರ್ ಹುಡುಗ್ರು ಮೊದ್ಲು ಮಾಡೋದು ಒಂದು ಚೆಂದದ ಸೆಲ್, ದೊಡ್ಡ ಕಿಟಕಿ, ನಡುವೆ ಒಂದು ಗಾರ್ಡನ್. ನಾನೂ ಅದನ್ನೇ ಮಾಡಿದ್ದೆ. ರಿವ್ಯೂಗೆ ಜೈಲಲ್ಲಿದ್ದು ಬಂದ ಒಬ್ರನ್ನ ಕರೆಸಿದ್ರು, ಅವ್ರು ನನ್ನ ಗಾರ್ಡನ್ ಮೇಲೆ ಬೆರಳಿಟ್ಟು "ಈ ಬಾಗಿಲು ತೆಗೆಯೋರು ಯಾರು, ದಿನಕ್ಕೆ ಎಷ್ಟೊತ್ತು ತೆಗೀತಾರೆ?" ಅಂದ್ರು. ಬಾಯಲ್ಲಿ ಮಾತೇ ಬರ್ಲಿಲ್ಲ ನಂಗೆ.

ಅವತ್ತಿಂದ ಪ್ಲಾನ್ ಪಕ್ಕದಲ್ಲಿ 24 ಗಂಟೆ ಪಟ್ಟಿನೂ ಹಾಕ್ತೀನಿ, ಪ್ರತಿ ಬಾಗಿಲಿಗೂ ಬೀಗದ ಕೈ ಯಾರ ಹತ್ರ ಇರುತ್ತೆ ಅಂತ ಬರೀತೀನಿ. ನೀವೂ ಮಾಡಿ ನೋಡಿ, ಅರ್ಧ ಡಿಸೈನ್ ಅಲ್ಲೇ ಬಿದ್ದೋಗುತ್ತೆ.

ಸೈಟ್ ಅಂದ್ರೆ ಜೈಲಿನ ಕಾಂಪೌಂಡೇ ಅಂತ ಯಾರೂ ಹೇಳಿಲ್ಲ. 2006ರ ಸುಮಾರಿಗೆ ಕೊಲಂಬಿಯಾ ಯೂನಿವರ್ಸಿಟಿಯ ಲಾರಾ ಕರ್ಗನ್ ಅವ್ರ ತಂಡ ಕೈದಿಗಳ ಮನೆ ವಿಳಾಸಗಳನ್ನ ಮ್ಯಾಪ್ ಮೇಲೆ ಹಾಕ್ತು, ನೋಡಿದ್ರೆ ನ್ಯೂಯಾರ್ಕ್‌ನಲ್ಲಿ ಕೆಲವು ಒಂದೊಂದೇ ಬ್ಲಾಕಿನ ಜನರನ್ನ ಜೈಲಲ್ಲಿಡೋಕೆ ಸರ್ಕಾರ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗಿಂತ ಜಾಸ್ತಿ ಖರ್ಚು ಮಾಡ್ತಿತ್ತು. ಆ ದುಡ್ಡು ಅದೇ ಬೀದಿಗೆ ಬಂದಿದ್ರೆ ಏನ್ ಕಟ್ಟಬಹುದಿತ್ತು ಅನ್ನೋದೇ ಒಂದು ಸೆಮಿಸ್ಟರ್‌ಗೆ ಸಾಕಾಗೋ ಪ್ರಶ್ನೆ. ಆರ್ಕಿಟೆಕ್ಟ್ ಡಿಯಾನಾ ವಾನ್ ಬ್ಯೂರೆನ್ ಅಮೆರಿಕದ ಓಕ್ಲೆಂಡ್‌ನಲ್ಲಿ ಮಾಡಿದ, 2019ರಲ್ಲಿ ಶುರುವಾದ ರಿಸ್ಟೋರ್ ಓಕ್ಲೆಂಡ್ ಕಟ್ಟಡ ನೋಡಿ, ಕೆಲಸ ಕಲಿಯೋಕೆ, ಜಗಳ ಆದವ್ರು ಎದುರುಬದುರು ಕೂತು ಮಾತಾಡೋಕೆ ಅಂತ ಮಾಡಿದ ಜಾಗ ಅದು.

ಜೈಲನ್ನೇ ತಗೊಂಡ್ರೂ ಒಂದು ಭೇಟಿಯನ್ನ ಪೂರ್ತಿ ಹಿಂಬಾಲಿಸಿ. ಮನೆಯಿಂದ ಎಷ್ಟು ಗಂಟೆ ಪ್ರಯಾಣ, ಚೀಟಿ ಎಲ್ಲಿ ಕೊಡ್ಬೇಕು, ಬ್ಯಾಗ್ ಎಲ್ಲಿಡ್ಬೇಕು, ನೆರಳಿದ್ಯಾ, ಟಾಯ್ಲೆಟ್‌ಗೆ ಹೋದ್ರೆ ಕ್ಯೂನಲ್ಲಿ ಜಾಗ ಹೋಗುತ್ತಾ. ಕೈದಿಗಳನ್ನ ಆದಷ್ಟು ಮನೆಗೆ ಹತ್ರ ಇಡ್ಬೇಕು ಅಂತ ಕೈದಿಗಳನ್ನ ಹೇಗೆ ನಡೆಸಿಕೊಳ್ಬೇಕು ಅಂತ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳಲ್ಲೇ ಇದೆ, ಹಾಗಾಗಿ ದೂರ ಅನ್ನೋದೂ ನಿಮ್ಮ ಡ್ರಾಯಿಂಗಿಗೆ ಸೇರಿದ್ದೇ. ನಾವು ಹೋದಾಗ ಮಾತಾಡೋ ಜಾಗದ ಗಾಜಿನ ಮೇಲೆ ಎರಡು ಎತ್ತರದಲ್ಲಿ ಕೈಗುರುತಿತ್ತು, ಮೇಲೆ ದೊಡ್ಡವರದ್ದು, ಕೆಳಗೆ ಕಟ್ಟೆಯ ಅಂಚಿನಲ್ಲಿ ಪುಟ್ಟ ಪುಟ್ಟ ಬೆರಳು ಮಾತ್ರ. ಮಕ್ಕಳಿಗೆ ಕಟ್ಟೆ ಎತ್ತರ ಆಗಿತ್ತು, ಅಪ್ಪನ ಮುಖ ಕಾಣ್ತಿರ್ಲಿಲ್ಲ. ನನ್ನ ಕೊನೇ ಪ್ರಾಜೆಕ್ಟ್ ಆ ಕಟ್ಟೆಯ ಸೆಕ್ಷನ್, ಅಂದ್ರೆ ಅದನ್ನ ಕತ್ತರಿಸಿದಂಗೆ ತೋರಿಸೋ ಡ್ರಾಯಿಂಗ್, ಒಂದೇ.

ಒಳಗೆ ಟೇಪು, ಫೋನು, ಬ್ಲೇಡು ಯಾವುದೂ ಬಿಡಲ್ಲ ಅಂತ ಅಂದ್ಕೊಂಡೇ ಹೋಗಿ. ನಿಮ್ಮ ಹೆಜ್ಜೆ ಎಷ್ಟು, ಗೇಣು ಎಷ್ಟು ಅಂತ ಮೊದಲೇ ಅಳೆದಿಟ್ಕೊಳಿ, ನೆಲದ ಟೈಲ್ಸ್ ಎಣಿಸಿ. ಏನನ್ನ ಬರ್ಕೋಬಹುದು ಅಂತ ಅಧಿಕಾರಿಗಳನ್ನ ಕೇಳಿ, ಬೀಗ ಕ್ಯಾಮೆರಾ ಎಲ್ಲಿದೆ ಅನ್ನೋದನ್ನ ಯಾವತ್ತೂ ಬರೀಬೇಡಿ. ಹೊರಗೆ ಬಂದ ಮೇಲೆ ಗೆಳೆಯರ ಜೊತೆ ಮಾತಾಡೋಕ್ ಮುಂಚೆ ನೆನಪಿದ್ದಷ್ಟು ಬರೆದುಬಿಡಿ, ಮಾತಾಡಿದ್ರೆ ಎಲ್ಲರ ನೆನಪೂ ಕಲಸಿಹೋಗುತ್ತೆ.

ಒಳಗಿರೋರ ಜೊತೆ ವರ್ಕ್‌ಶಾಪ್ ಮಾಡೋದಾದ್ರೆ ಪೇಪರ್ ಹರಿಯೋದು ಮಡಚೋದು ಸಾಕು, ಪ್ಲಾನ್ ಓದೋಕೆ ಬರದೇ ಇರೋರಿಗೂ ಅದು ಅರ್ಥ ಆಗುತ್ತೆ. ಏನ್ ಕೇಸು ಅಂತ ಕೇಳ್ಬೇಡಿ. ಇನ್ನೊಂದು, ಒಳಗಿರೋರು ಹೂಂ ಅಂದ್ರು ಅಂತ ಒಪ್ಪಿಗೆ ಸಿಕ್ತು ಅಂದ್ಕೋಬೇಡಿ, ಪಕ್ಕದಲ್ಲಿ ವಾರ್ಡನ್ ನಿಂತಿರೋವಾಗ ಊಹೂಂ ಅನ್ನೋದು ಅಷ್ಟು ಸುಲಭ ಅಲ್ಲ. ಸುಮ್ನೆ ಕೂತಿರೋಕೂ, ಮಧ್ಯೆ ಎದ್ದು ಹೋಗೋಕೂ ದಾರಿ ಇಟ್ಟಿರಿ.

ಅಳತೆ ಬೇಕಂದ್ರೆ ಚಿತ್ರಹಿಂಸೆ ತಡೆಯೋಕೆ ಅಂತ ಇರೋ ಯುರೋಪಿನ ಸಿಪಿಟಿ ಸಮಿತಿ ಹೇಳೋದು ಒಬ್ಬರ ಸೆಲ್‌ಗೆ ಟಾಯ್ಲೆಟ್ ಬಿಟ್ಟು ಕನಿಷ್ಠ 6 ಚದರ ಮೀಟರ್, ಹಂಚ್ಕೊಳೋ ಸೆಲ್‌ನಲ್ಲಿ ತಲೆಗೆ 4. ಸ್ಟುಡಿಯೋ ನೆಲಕ್ಕೆ 2 ಬೈ 3 ಮೀಟರ್ ಟೇಪ್ ಅಂಟಿಸಿ ಅದ್ರಲ್ಲಿ ಮಂಚ ಹಾಕಿ ನೋಡಿ, ಆದ್ರೆ ಒಂದು ಗಂಟೆ ಕೂತು "ಜೈಲು ಹೇಗಿರುತ್ತೆ ಅಂತ ಗೊತ್ತಾಯ್ತು" ಅಂತ ಮಾತ್ರ ದಯವಿಟ್ಟು ಬರೀಬೇಡಿ. ಬ್ರೀಫಲ್ಲಿ ಒಂಟಿ ಸೆರೆ ಬ್ಲಾಕ್ ಇದ್ರೆ ಬರೆಯಲ್ಲ ಅನ್ನಬಹುದು. ದಿನಕ್ಕೆ 22 ಗಂಟೆ ಅಥವಾ ಅದಕ್ಕಿಂತ ಜಾಸ್ತಿ, ಸತತ 15 ದಿನ ದಾಟಿ ಒಂಟಿಯಾಗಿ ಇಡೋ ಹಾಗಿಲ್ಲ ಅಂತ ಮಂಡೇಲಾ ನಿಯಮಗಳೇ ಹೇಳುತ್ವೆ, ಅಮೆರಿಕದ ಆರ್ಕಿಟೆಕ್ಟ್‌ಗಳ ಸಂಘ ಎಐಎ ಕೂಡ 2020ರಲ್ಲಿ ತನ್ನ ಸದಸ್ಯರು ಅಂಥ ಜಾಗ ಡಿಸೈನ್ ಮಾಡಬಾರದು ಅಂತ ನೀತಿಸಂಹಿತೆಗೆ ಸೇರಿಸ್ತು.

ಸೆಮಿಸ್ಟರ್ ಮುಗಿದ ಮೇಲೆ ಏನು ಅಂತ ಮೊದಲ ವಾರವೇ ಒಳಗಿರೋರಿಗೆ ಹೇಳ್ಬಿಡಿ, ಬರಲ್ಲ ಅಂದ್ರೆ ಬರಲ್ಲ ಅಂತ. ಹೊರಗಿರೋ ಕುಟುಂಬದವ್ರು ಟೈಮ್ ಕೊಟ್ರೆ ಅದಕ್ಕೆ ದುಡ್ಡು ಕೊಡಿ. ಕೊನೇ ಡ್ರಾಯಿಂಗ್‌ಗಳನ್ನ ಒಂದೇ ಬದಿ ಪ್ರಿಂಟ್ ಮಾಡಿ ಒಳಗೆ ಕಳಿಸಿ, ಪಿನ್ ಹೊಡೀಬೇಡಿ, ಗೇಟಲ್ಲೇ ಕಿತ್ತಾಕ್ತಾರೆ. ಹಿಂಬದಿ ಖಾಲಿ ಇರ್ಲಿ, ನಮಗೆ ವಾಪಸ್ ಬಂದ ಒಂದು ಹಾಳೆಯ ಹಿಂದೆ ಯಾರೋ ಪೆನ್ಸಿಲ್‌ನಲ್ಲಿ ಕಟ್ಟೆನ ಇನ್ನೂ ಒಂದು ಗೇಣು ಇಳಿಸಿ ಬರೆದಿದ್ರು.